ಎರಡು ಸಲ ಬೇಡ ಎಂದವನಿಗೆ

ರಾಜಾಜಿನಗರ, ಬೆಂಗಳೂರು
೧೨-೮-೧೯೫೭

ನನ್ನ ಮುದ್ದಿನ ತಮ್ಮ ಚಕ್ರಪಾಣಿಗೆ ಅಕ್ಕನ ಆಶೀರ್ವಾದ.

ಮೊದಲು ನಿನ್ನ ಆರೋಗ್ಯದ ಮಾತು. ಹೈದರಾಬಾದಿನ ಹೋಟೆಲ್ ಊಟ ಹೊಟ್ಟೆಗೆ ಒಗ್ಗಿತೇ? ಕಳಿಸಿದ ಮೆಂತ್ಯದ ಹಿಟ್ಟು ಬಂತೇ? ಇಲ್ಲಿ ನಾವೆಲ್ಲ ಕ್ಷೇಮ. ನನ್ನ ಆಯಾಸಕ್ಕೆ ಟಾನಿಕ್ ಕುಡಿಯುತ್ತಿದ್ದೇನೆ. ರಜ ಹಾಕಿ ಬರಲೇ ಎಂದು ನೀನು ಹಿಂದಿನ ಎರಡು ಕಾಗದದಲ್ಲೂ ಕೇಳಿದ್ದೆ. ಎರಡಕ್ಕೂ ಬೇಡ ಎಂದು ಬರೆದಿದ್ದೇನೆ. ಕ್ಷೇಮಸಮಾಚಾರ ಇಲ್ಲಿಗೆ ಮುಗಿಯಿತು. ಇನ್ನು ಬರುವುದು ಬೈಗುಳ, ಕೂತು ಓದು.

ಪಕ್ಕದ ಪೋರ್ಷನ್ನಿನ ಪದ್ಮನಾಭನವರು ಗೊತ್ತಲ್ಲ, ವಿಮಾನ ನಿಲ್ದಾಣದ ಟವರಿನಲ್ಲಿ ಕೂತು ನಿಮ್ಮಂಥ ಪೈಲಟ್‌ಗಳ ಜೊತೆ ರೇಡಿಯೋದಲ್ಲಿ ಮಾತಾಡಿ ವಿಮಾನ ಇಳಿಸುವವರು. ನಿನ್ನೆ ಸಂಜೆ ನಿಮ್ಮ ಭಾವನ ಸೈಕಲ್ ಪಂಪ್ ಕೇಳಲು ಬಂದವರು, ನಿಮ್ಮ ತಮ್ಮನ ಆಯಸ್ಸು ಗಟ್ಟಿ ಬಿಡಿ ಎಂದು ಬಾಯಿತಪ್ಪಿ ಅಂದುಬಿಟ್ಟರು. ಆಮೇಲೆ ನಾಲಿಗೆ ಕಚ್ಚಿಕೊಂಡರು. ನಾನು ಬಿಡುವವಳೇ? ಪಂಪ್ ಕೊಡದೆ ಕೈಯಲ್ಲೇ ಹಿಡಿದುಕೊಂಡು ಎಲ್ಲ ಹೇಳಿಸಿದೆ.

ಹೋದ ವಾರ ನಿನ್ನ ಡಕೋಟ ವಿಮಾನ ಬೆಂಗಳೂರಿನ ಮೇಲೆ ಬಂದಾಗ ಎಡಗಡೆಯ ಇಂಜಿನ್ನಿನಿಂದ ಎಣ್ಣೆ ಸೋರುತ್ತಿತ್ತಂತೆ. ಅದೇ ಹೊತ್ತಿಗೆ ಯಾರೋ ಮಂತ್ರಿಗಳ ವಿಮಾನವೂ ಇಳಿಯಬೇಕಿತ್ತು. ಆಗ ನೀನು ಟವರಿಗೆ ಹೇಳಿದ್ದೇನು? ಇಂಜಿನ್ ಸ್ವಲ್ಪ ಬಿಸಿಯಾಗಿದೆ, ತಮಗೆ ಅನುಕೂಲವಾದಾಗ ಇಳಿಯಲು ಅಪ್ಪಣೆ ಕೊಡಿ ಎಂದು. ಇದೇನು ಮದುವೆಮನೆಯ ಎರಡನೇ ಪಂಕ್ತಿಯೇ? ತುರ್ತಿದೆಯೇ ಎಂದು ಪದ್ಮನಾಭನವರೇ ಕೇಳಿದರಂತೆ. ಇಲ್ಲ ಎಂದೆ. ಇನ್ನೊಮ್ಮೆ ಕೇಳಿದರು. ಅಷ್ಟೇನಿಲ್ಲ, ಕಾಯುತ್ತೇನೆ ಎಂದೆ. ಸರಿ, ಮಂತ್ರಿಗಳನ್ನು ಮೊದಲು ಇಳಿಸಿ ನಿನ್ನನ್ನು ಮೇಲೆ ಸುತ್ತು ಹಾಕಿಸಿದರು. ಸುತ್ತುತ್ತಿರುವಾಗಲೇ ಇಂಜಿನ್ ನಿಂತುಹೋಯಿತು. ಪ್ರಾಣಾಪಾಯ ಎಂದು ಸಾರುವ ಆ "ಮೇಡೇ" ಎಂಬ ಮಾತು ನಿನ್ನ ಬಾಯಿಂದ ಬಂದದ್ದು ಆಮೇಲೆ. ಉಳಿದ ಒಂದೇ ಇಂಜಿನ್ನಿನಲ್ಲಿ ಹೇಗೋ ಇಳಿದೆಯಂತೆ. "ಆ ಮಾತು ಮೊದಲೇ ಹೇಳಿದ್ರೆ ಮಂತ್ರಿಗಳನ್ನೇ ಸುತ್ತು ಹಾಕಿಸ್ತಿದ್ದೆ ಪಂಕಜಮ್ಮ. ಬಾಯಿ ಬಿಟ್ಟು ಹೇಳ್ದೇ ಇದ್ರೆ ಮೇಲೇನಾಗ್ತಿದೆ ಅಂತ ನಮಗೆ ಹೇಗೆ ಗೊತ್ತಾಗತ್ತೆ?" ಎಂದರು. ಕೇಳಲು ಬಂದ ಪಂಪನ್ನೇ ಮರೆತು ಹೊರಟುಹೋದರು.

ನನಗೆ ಮೈಯೆಲ್ಲ ಉರಿಯುತ್ತಿದೆ ಕಣೋ. ನಮ್ಮ ಮನೆತನದ ಬುದ್ಧಿ ನನಗೆ ಗೊತ್ತಿಲ್ಲವೇ? ಯಾರ ಮನೆಗೆ ಹೋದರೂ ಕಾಫಿ ಬೇಡ, ಈಗ ತಾನೇ ಆಯಿತು ಎಂದು ಎರಡು ಸಲ ಹೇಳಬೇಕು. ಮೂರನೆಯ ಸಲ ಬಲವಂತ ಮಾಡಿದರೆ ಮಾತ್ರ ಲೋಟ ಮುಟ್ಟಬೇಕು. ಎಲೆಗೆ ಕೈ ಅಡ್ಡ ಹಿಡಿದು ಅರೆಹೊಟ್ಟೆಯಲ್ಲಿ ಏಳುತ್ತಿದ್ದ ಅಪ್ಪನ ಮಗ ನೀನು. ಆದರೆ ಟವರಿನವರು ನಿನ್ನ ಸೋದರತ್ತೆಯಲ್ಲ, ಮೂರನೆಯ ಸಲ ಕೇಳುವುದಿಲ್ಲ. ಮಂತ್ರಿಗಳ ಮುಂದೆ ಸಂಕೋಚವಾದರೆ ಅದು ನಿನ್ನದು. ಹಿಂದೆ ಕೂತಿದ್ದ ಜನ ಅದಕ್ಕೆ ಟಿಕೆಟ್ ಕೊಂಡಿರಲಿಲ್ಲ. ಅವರಲ್ಲಿ ಕೈಗೂಸು ಹಿಡಿದ ಬಾಣಂತಿಯೊಬ್ಬಳಿದ್ದಳಂತೆ. ಕಾಯುತ್ತೇನೆ ಎನ್ನುವ ಮುಂಚೆ ಅವಳನ್ನು ಕೇಳಿದ್ದೆಯಾ?

ಸಾಲದ್ದಕ್ಕೆ, ಬೆಂಗಳೂರಿನ ನೆಲ ಮುಟ್ಟಿದವನು ಅಕ್ಕನ ಮನೆಗೆ ಬಾರದೆ, ಹೇಳಬೇಡಿ ಎಂದು ಪದ್ಮನಾಭನವರ ಕೈ ಹಿಡಿದುಕೊಂಡು ಹೊರಟುಹೋದೆ. ನಿನಗೇನಾದರೂ ಆಗಿದ್ದರೆ ನಾನು ಪೇಪರಿನಲ್ಲಿ ಓದಿ ತಿಳಿಯಬೇಕಿತ್ತೇ? ಅಮ್ಮ ತೀರಿಕೊಂಡಾಗ ನೀನು ನನ್ನ ಸೊಂಟದ ಮೇಲಿದ್ದೆ. ಇನ್ನು ಮೇಲೆ ಕಷ್ಟ ಬಂದರೆ ಕಷ್ಟ ಎನ್ನು. ಸ್ವಲ್ಪ ಎನ್ನಬೇಡ, ಅನುಕೂಲ ಎನ್ನಬೇಡ.

ಭಾವ ನಿನ್ನ ಕ್ಷೇಮ ಕೇಳಿದ್ದಾರೆ. ಅವರಿಗೆ ಕೋಪ ಮಾಡಲು ಬರುವುದಿಲ್ಲ, ಅವರ ಪಾಲಿನದನ್ನೂ ನಾನೇ ಬರೆದಿದ್ದೇನೆ. ದೇವರು ನಿನಗೆ ನೂರು ವರ್ಷ ಆಯಸ್ಸು ಕೊಡಲಿ, ಅದರ ಜೊತೆಗೆ ಬಾಯನ್ನೂ ಕೊಡಲಿ.

ನಿನ್ನ ಅಕ್ಕ,
ಪಂಕಜಾ

ಕವರು ಅಂಟಿಸುವ ಮುಂಚೆ ಇನ್ನೊಂದು ಮಾತು. ಮೇಲೆ ಕ್ಷೇಮ ಎಂದು ಬರೆದದ್ದು ಸುಳ್ಳು. ನನ್ನ ಎದೆಯಲ್ಲಿ ಗಂಟು ಬೆಳೆದಿದೆ, ಟಾನಿಕ್ಕಿಗೆ ಹೋಗುವಂಥದ್ದಲ್ಲ. ಬರುವ ವಾರ ಆಪರೇಷನ್ ಎಂದು ಡಾಕ್ಟರು ಹೇಳಿದ್ದಾರೆ. ನನಗೆ ತುಂಬಾ ಭಯವಾಗುತ್ತಿದೆ. ಬರಲೇ ಎಂದು ಮೂರನೆಯ ಸಲ ಕೇಳುತ್ತಾ ಕೂರಬೇಡ. ಬಾ.