ಉಪ್ಪು ನೋಡಿದೆ

ಬೈಲಹೊಂಗಲ,
ಗುರುವಾರ

ಸವಿತಕ್ಕನವರಿಗೆ ನೀಲಾಳ ನಮಸ್ಕಾರ.

ನೀವು ಮಗಳನ್ನು ನನಗೆ ಒಪ್ಪಿಸಿ ಪೊಲೀಸ್ ತರಬೇತಿಗೆ ಹೋಗಿ ತಿಂಗಳಾಯಿತು. ನಿಮಗೆ ಫೋನು ಸಿಗುವುದು ಭಾನುವಾರ ಮಾತ್ರ. ಆಗ ಕೀರ್ತಿ, "ಹೊಟ್ಟಿ ತುಂಬ ಉಂಡೀನವ್ವಾ" ಎನ್ನುತ್ತಾಳೆ. ಅದು ಸುಳ್ಳು. ಅದಕ್ಕೇ ಈ ಪತ್ರ. ಹತ್ತು ದಿನದಿಂದ ಹೊತ್ತಿಗೆ ಎರಡು ತುತ್ತಿಗಿಂತ ಹೆಚ್ಚು ತಿಂದಿಲ್ಲ. ಅವ್ವ ಮಾಡುವಂಥ ಕೋಳಿಸಾರೇ ಬೇಕೆಂದು ಹಟ.

ನೀವು ಹೇಳಿಕೊಟ್ಟಂತೆಯೇ ಮಾಡಿದೆ. ಉಳ್ಳಾಗಡ್ಡಿ ಉದ್ದುದ್ದ ಹೆಚ್ಚಿ ಕೆಂಪಗೆ ಹುರಿದೆ. ಒಲೆಯಿಂದ ಇಳಿಸಿದ ಮೇಲೆಯೇ ಲಿಂಬೆಹಣ್ಣು ಹಿಂಡಿದೆ. ಉಪ್ಪನ್ನು ಮಾತ್ರ ರುಚಿ ನೋಡಿ ಹಾಕು ಎಂದಿದ್ದಿರಿ. ಲಿಂಗ ಕಟ್ಟಿಕೊಂಡವಳು ಕೋಳಿಯ ರುಚಿ ಹೇಗೆ ನೋಡಲಿ? ಅಂದಾಜಿನ ಮೇಲೆ ಹಾಕಿದೆ.

ಕೀರ್ತಿ ಬೆರಳದ್ದಿ ನೆಕ್ಕಿ ತಟ್ಟೆ ಸರಿಸಿದಳು.

"ಇದು ಅವ್ವಂದಲ್ಲ."

"ಉಪ್ಪು ಕಡಿಮಿ ಆತೇನವಾ?"

"ನಿನಗೇನ ಗೊತ್ತಾಗ್ತೈತಿ? ನೀ ತಿನ್ನಂಗಿಲ್ಲಲ್ಲ."

ಒಂದು ಕಡೆ ಕೂಡ್ರಲಾಗದೆ ಕಾಲೇಜು ಬಿಟ್ಟವಳು ನಾನು. ಆ ತಟ್ಟೆಯ ಮುಂದೆ ತಾಸುಗಟ್ಟಲೆ ಕುಳಿತೆ. ಮರುದಿನ ಉಪ್ಪು ಹೆಚ್ಚಿಸಿದೆ, ಆಮೇಲೆ ಲಿಂಬೆ ಹೆಚ್ಚಿಸಿದೆ. ಅವಳು ತಲೆ ಅಲ್ಲಾಡಿಸುತ್ತಲೇ ಇದ್ದಳು. ನಿನ್ನೆ ನಾಲ್ಕನೆಯ ಸಲ ಮಾಡಿದಾಗ, ಸಾರಿನಲ್ಲಿ ಬೆರಳದ್ದಿ ನಾನೇ ನೆಕ್ಕಿದೆ. ನಮ್ಮೂರು ಹೂಲಿಗೆ ಹೋದಾಗ ನಮ್ಮವ್ವನಿಗೆ ಇದನ್ನು ನಾನೇ ಹೇಳುತ್ತೇನೆ. ನೀವು ಮುಚ್ಚಿಡಬೇಕಾಗಿಲ್ಲ.

ಉಪ್ಪು ಸರಿಯಾಗಿಯೇ ಇತ್ತು ಅಕ್ಕಾ. ಹುಳಿಯೂ ಸರಿಯಾಗಿತ್ತು. ಆದರೂ ಕೀರ್ತಿ ತಟ್ಟೆ ಸರಿಸಿದಳು.

ಇನ್ನು ಏನು ಮಾಡಬೇಕೋ ನನಗೆ ತಿಳಿಯುತ್ತಿಲ್ಲ. ಒಂದೇ ದಿನ ರಜೆ ಕೇಳಿ ನೋಡಿರಿ. ಉಳ್ಳಾಗಡ್ಡಿ ನಾನು ಹೆಚ್ಚಿಟ್ಟಿರುತ್ತೇನೆ.

ನಿಮ್ಮ
ನೀಲಾ