ನಿನ್ನ ನೋಟ ಹೊತ್ತು ತಿರುಗಿದವರು

ಪ್ರೀತಿಯ ಚುಕ್ಕಿ,

ನೀನು ಹೋದ ಮೇಲೆ ನಾನು ನಿನ್ನನ್ನು ಮೊದಲು ಕಂಡದ್ದು ಒಬ್ಬ ಹೆಡ್ ಮಿಸ್ಸಿನ ಮುಖದಲ್ಲಿ. ಇದನ್ನು ಓದಿದರೆ ನೀನು ನಗುತ್ತೀಯ, ಗೊತ್ತು. ಶಾಲೆಯಲ್ಲಿ ಹೆಡ್ ಮಿಸ್ ಬರುವುದು ಕಂಡರೆ ಕಾರಿಡಾರಿನ ಇನ್ನೊಂದು ತುದಿಗೆ ಓಟ ಕೀಳುತ್ತಿದ್ದವಳು ನೀನು. ಹೋಗಿ ಹೋಗಿ ಅಲ್ಲಿ ಕೂತಿದ್ದೆಯಲ್ಲ ಎಂದು ಆಮೇಲೆ ನನಗೂ ನಗು ಬಂತು. ಆ ಹೊತ್ತಿನಲ್ಲಿ ಬರಲಿಲ್ಲ.

ನನ್ನ ಕೆಲಸವನ್ನು ನೀನು ಒಮ್ಮೆಯೂ ಒಳಗೆ ಬಂದು ನೋಡಲಿಲ್ಲ. "ಟ್ರೇ ತುಂಬ ಕಣ್ಣು ಇಟ್ಕೊಂಡು ಅದ್ಹೇಗೆ ಊಟ ಸೇರುತ್ತೆ ಅಕ್ಕ ನಿಂಗೆ?" ಎಂದು ಬಾಗಿಲಲ್ಲೇ ನಿಂತು ಮುಖ ಸಿಂಡರಿಸುತ್ತಿದ್ದೆ. ಆದ್ದರಿಂದ ಹೇಳುತ್ತೇನೆ. ಕಣ್ಣು ಕಳೆದುಕೊಂಡವರಿಗೆ ನಾನು ಮಾಡಿಕೊಡುವ ಕಣ್ಣು ಗೋಲಿಯಂತೆ ಗುಂಡಗಿರುವುದಿಲ್ಲ, ಚಿಪ್ಪಿನಂತಿರುತ್ತದೆ. ಬಿಳಿಯ ಮೇಲೆ ಕೆಂಪು ರೇಷ್ಮೆ ದಾರದ ಎಳೆಗಳನ್ನು ಬಿಡಿಸಿ ಅಂಟಿಸುತ್ತೇನೆ, ನರಗಳಂತೆ ಕಾಣಲಿ ಎಂದು. ಇಷ್ಟನ್ನು ಒಬ್ಬಳೇ ಕೂತು ಮಾಡಬಹುದು. ಪಾಪೆಯ ಸುತ್ತಲಿನ ಬಣ್ಣದ ಬಳೆಯನ್ನು ಮಾತ್ರ ಆ ಮನುಷ್ಯರನ್ನು ಎದುರಿಗೆ ಕೂರಿಸಿಕೊಂಡೇ ಬರೆಯಬೇಕು. ಅವರು ಕಿಟಕಿಯ ಬೆಳಕಿಗೆ ಮುಖ ಮಾಡಿ ಕೂರುತ್ತಾರೆ. ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರದಲ್ಲಿ ನಾನು. ಅವರ ಉಳಿದ ಕಣ್ಣನ್ನು ನೋಡುವುದು, ಒಂದು ಎಳೆ ಬರೆಯುವುದು, ಮತ್ತೆ ನೋಡುವುದು. ನನಗೆ ಕೆಲಸ ಕಲಿಸಿದವರು ಹೇಳುತ್ತಿದ್ದರು: "ನೋಡದೆ ಬರೀಬೇಡ. ಕೈ ಕಳ್ಳ. ತನಗೆ ಗೊತ್ತಿರೋ ಕಣ್ಣನ್ನೇ ಬರೆದುಬಿಡುತ್ತೆ."

ನೀನು ಹೋದ ದಿನ ಆಸ್ಪತ್ರೆಯಲ್ಲಿ ನರ್ಸ್ ನನ್ನ ತೋಳು ಮುಟ್ಟಿ, "ಕಣ್ಣು ಮುಚ್ಚಿಬಿಡಿ ಮೇಡಂ, ಮನೆಯವರೇ ಮುಚ್ಚಿದ್ರೆ ಒಳ್ಳೇದು" ಎಂದಳು. ನಿನ್ನ ಬಲಗಣ್ಣು ಮುಚ್ಚಿತು. ಎಡಗಣ್ಣಿನ ರೆಪ್ಪೆ ಎಷ್ಟು ಸವರಿದರೂ ಒಂದು ಸೀಳಿನಷ್ಟು ತೆರೆದೇ ಉಳಿಯಿತು. ಆ ಸೀಳಿನಲ್ಲಿ, ಪಾಪೆಯ ಕೆಳಗೆ, ಹುಟ್ಟಿನಿಂದ ನಿನಗಿದ್ದ ಆ ಕಪ್ಪು ಚುಕ್ಕಿ. ಊರೆಲ್ಲ ನಿನ್ನನ್ನು ಚುಕ್ಕಿ ಎಂದು ಕರೆಯುವಂತೆ ಮಾಡಿದ ಅದೇ ಚುಕ್ಕಿ. ಅದು ನನ್ನನ್ನು ನೋಡುತ್ತಿತ್ತು. ನಾನು ಕೈ ತೆಗೆದೆ.

ಅಳಲಿಲ್ಲ. ಬೇಗನೆ ಕೆಲಸಕ್ಕೆ ಮರಳಿದೆ. ಗಟ್ಟಿಗಿತ್ತಿ ಎಂದರು ಎಲ್ಲರೂ. ನಾನೂ ಹಾಗೇ ನಂಬಿದೆ ಅನಿಸುತ್ತದೆ. ಮನೆಯಲ್ಲಿ ಅಮ್ಮನೂ ನಾನೂ ನಿನ್ನ ಹೆಸರನ್ನು ಎತ್ತುತ್ತಿರಲಿಲ್ಲ. ನಾನು ಎತ್ತಿದರೆ ಅವಳು ಕುಸಿಯುತ್ತಾಳೆ ಎಂದು ನಾನು, ಅವಳು ಎತ್ತಿದರೆ ನಾನು ಕುಸಿಯುತ್ತೇನೆ ಎಂದು ಅವಳು. ಅಡುಗೆಮನೆಯಲ್ಲಿ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಂಡು ಓಡಾಡುತ್ತಿದ್ದೆವು, ಕೈಯಲ್ಲಿ ತುಂಬಿದ ಪಾತ್ರೆ ಹಿಡಿದವರ ಹಾಗೆ.

ಅಂಥ ದಿನಗಳಲ್ಲೇ ಆ ಹೆಡ್ ಮಿಸ್ ವಾಪಸು ಬಂದದ್ದು. ಅದಕ್ಕೆ ಕೆಲವು ತಿಂಗಳ ಹಿಂದೆ, ನೀನು ಹೋದ ಹೊಸದರಲ್ಲಿ, ನಾನೇ ಅವರಿಗೆ ಎಡಗಣ್ಣು ಮಾಡಿಕೊಟ್ಟಿದ್ದೆ. ಜೊತೆಗೆ ಗಂಡನೂ ಬಂದಿದ್ದರು, ಒಳ್ಳೆಯ ಹರಟೆಮಲ್ಲ.

"ನೋಡಮ್ಮ," ಎಂದರು ಹೆಡ್ ಮಿಸ್, "ಈ ಕಣ್ಣು ನನ್ನದಲ್ಲ. ನಾನು ಬೈತಾ ಇದ್ರೆ ಇದು ನಗುತ್ತೆ. ಶಾಲೆಯಲ್ಲಿ ಒಂದು ನರಪಿಳ್ಳೆಯೂ ನನಗೆ ಹೆದರ್ತಾ ಇಲ್ಲ."

"ಮನೆಯಲ್ಲೂ ಅಷ್ಟೇ," ಎಂದು ಗಂಡ ಸೇರಿಸಿದರು. "ಇಷ್ಟು ವರ್ಷ ಒಬ್ಬಳ ಕೈಲಿ ಬೈಸ್ಕೊಂಡೆ. ಈಗ ಒಬ್ಬಳು ಬೈತಾಳೆ, ಇನ್ನೊಬ್ಬಳು ಪಕ್ಕದಲ್ಲಿ ನಿಂತು ಕಿಸಕ್ಕಂತಾಳೆ."

"ನೀವು ಸುಮ್ನಿರ್ರೀ. ನನಗೆ ಕನ್ನಡಿ ನೋಡೋಕೆ ಭಯ ಆಗುತ್ತೆ ಕಣಮ್ಮ. ಯಾರೋ ನನ್ನ ಮುಖದೊಳಗೆ ಬಂದು ಕೂತು ಹೊರಗೆ ಇಣುಕ್ತಾ ಇದ್ದಾರೆ."

ದೀಪ ಹತ್ತಿರ ಎಳೆದು ನೋಡಿದೆ. ಪಾಪೆಯ ಕೆಳಗೆ, ಸ್ವಲ್ಪ ಮೂಗಿನ ಕಡೆಗೆ, ಒಂದು ಕಪ್ಪು ಚುಕ್ಕಿ. ಅವರ ಬಲಗಣ್ಣಿನಲ್ಲಿ ಅಂಥದ್ದು ಇರಲಿಲ್ಲ. ನಾನು ಅದನ್ನು ಬರೆದ ನೆನಪಿಲ್ಲ. ಆದರೆ ಕುಂಚದ ಹದ ನನ್ನದೇ, ಮತ್ತು ನೋಟ ನಿನ್ನದು. ನಾನು ಏನಾದರೂ ತಪ್ಪು ಹೇಳಿದಾಗ, ತಿದ್ದುವ ಮೊದಲು ಒಂದು ಗಳಿಗೆ ಸುಮ್ಮನೆ ಮಜಾ ತೆಗೆದುಕೊಳ್ಳುತ್ತಿದ್ದೆಯಲ್ಲ, ಆ ನೋಟ.

ಪಾಲಿಶ್ ಮಾಡಿಕೊಡುತ್ತೇನೆ ಎಂಬ ನೆಪದಲ್ಲಿ, ನೀನು ಹೋದ ಮೇಲೆ ನನ್ನಿಂದ ಕಣ್ಣು ಮಾಡಿಸಿಕೊಂಡವರನ್ನೆಲ್ಲ ಕರೆಸಿದೆ. ಒಂದು ಮಧ್ಯಾಹ್ನ ಬಾಗಿಲು ತೆರೆದರೆ ಬೆಂಚಿನ ಮೇಲೆ ಸಾಲಾಗಿ ಕೂತಿದ್ದರು. ಒಬ್ಬ ಗಾರೆ ಕೆಲಸದವ, ಒಬ್ಬ ಮುದುಕ, ಕಾಲೇಜಿಗೆ ಹೋಗುವ ಒಬ್ಬಳು. ಒಬ್ಬರಿಗೊಬ್ಬರು ಪರಿಚಯವಿಲ್ಲ. ಬಾಗಿಲಿನ ಸದ್ದಿಗೆ ಎಲ್ಲರೂ ಒಟ್ಟಿಗೆ ತಲೆ ಎತ್ತಿದರು. ಚುಕ್ಕಿ, ಎಲ್ಲರಲ್ಲೂ ನೀನೇ ಇದ್ದೆ. ಕೆಲವರಲ್ಲಿ ಎಡಗಣ್ಣಿನಲ್ಲಿ, ಕೆಲವರಲ್ಲಿ ಬಲಗಣ್ಣಿನಲ್ಲಿ. ಬಾ ಅಕ್ಕ, ಯಾಕಿಷ್ಟು ತಡ ಎಂಬ ಹಾಗೆ.

ಹೆಡ್ ಮಿಸ್ಸಿನ ಕಣ್ಣನ್ನು ಮೊದಲು ತಿದ್ದಲು ಕೂತೆ. ಹಳೆಯ ಬಣ್ಣವನ್ನು ಅರೆದು ತೆಗೆದು ಹೊಸದಾಗಿ ಬರೆಯತೊಡಗಿದೆ. ಕೈ ಮತ್ತೆ ಅದೇ ಜಾಗಕ್ಕೆ ಹೋಯಿತು. ಒರೆಸಿದೆ. ಮತ್ತೆ ಹೋಯಿತು. ಎಡಗೈಯಿಂದ ಬಲಗೈ ಮಣಿಕಟ್ಟನ್ನು ಹಿಡಿದುಕೊಂಡೆ. ಆಗ ಅವರು ಹೇಳಿದರು:

"ಹೋದ ಸಲಾನೂ ನೀನು ನನ್ನನ್ನ ನೋಡಲಿಲ್ಲಮ್ಮ. ಅಷ್ಟು ಹೊತ್ತು ಎದುರಿಗೆ ಕೂತಿದ್ದೆ, ನೀನು ಕಿವಿ ನೋಡಿದೆ, ಹಣೆ ನೋಡಿದೆ. ನನ್ನ ಮುಖ ಅಷ್ಟು ಅಸಹ್ಯ ಆಗಿದೆಯೇನೋ ಅಂದ್ಕೊಂಡು ಮನೆಗೆ ಹೋಗಿ ಅತ್ತೆ."

ಬೆಳಕಿಗೆ ಬಿದ್ದ ಕಣ್ಣೊಂದನ್ನು ಅಷ್ಟು ಹತ್ತಿರದಿಂದ ನೋಡಿದರೆ ನಿನ್ನದರ ಹಾಗೆ ಅದೂ ಸೀಳಾಗಿ ಉಳಿದುಬಿಟ್ಟರೆ ಎಂದು ನಾನು ಹೆದರಿದ್ದೆನೇ? ಇರಬಹುದು. ಕತ್ತೆತ್ತಿ ನೋಡಿದೆ. ಕಂದು ಬಣ್ಣದ ಸುತ್ತ ವಯಸ್ಸಿನ ಬೂದು ಉಂಗುರ, ಒಂದು ಕಡೆ ಹಳದಿಯ ನಾಲ್ಕಾರು ಗೆರೆ, ಒಳಗೆಲ್ಲ ಗಾಬರಿ. ಅದು ತೇವವಾಯಿತು, ಮಿಟುಕಿತು, ಮತ್ತೆ ತೆರೆಯಿತು. ತೆರೆಯುತ್ತದೆ ಎಂಬುದೇ ನನಗೆ ಮರೆತುಹೋಗಿತ್ತು. ಆಮೇಲೆ ಕೈ ತಪ್ಪಲಿಲ್ಲ. ಹೊಸ ಕಣ್ಣು ಹಾಕಿಕೊಂಡು ಅವರು ಗಂಡನ ಕಡೆ ತಿರುಗಿ ಗದರಿದರು. "ಅಯ್ಯೋ, ಪೂರ್ತಿ ವಾಪಸ್ ಬಂದುಬಿಟ್ಳು," ಎಂದು ಆ ಮನುಷ್ಯ ಕೈ ಮುಗಿದ.

ಒಬ್ಬೊಬ್ಬರನ್ನೇ ಹೀಗೆ ಕೂರಿಸಿಕೊಂಡೆ. ಪ್ರತಿ ಸಲ ನಿನ್ನನ್ನು ಅರೆದು ತೆಗೆಯುವಾಗ ಬೆರಳ ತುದಿಗೆ ಕಪ್ಪು ಪುಡಿ ಹತ್ತುತ್ತಿತ್ತು. ಕೈ ತೊಳೆಯಲು ಮನಸ್ಸಾಗುತ್ತಿರಲಿಲ್ಲ, ತೊಳೆಯದೆ ಇರಲೂ ಆಗುತ್ತಿರಲಿಲ್ಲ.

ಕೊನೆಗೆ ಉಳಿದವಳು ಬಸ್ ಕಂಡಕ್ಟರ್ ಹುಡುಗಿ. ಯಾರೋ ಎಸೆದ ಕಲ್ಲಿಗೆ ಕಿಟಕಿ ಒಡೆದು ಎಡಗಣ್ಣು ಕಳೆದುಕೊಂಡವಳು. ನಿಜ ಹೇಳಿದೆ, ನನ್ನ ತಪ್ಪು, ಬೇರೆ ಬರೆದುಕೊಡುತ್ತೇನೆ ಎಂದೆ. ಅವಳು ಯೋಚಿಸಿದಳು.

"ಇರಲಿ ಬಿಡಿ ಮೇಡಂ, ನನಗೇನೂ ತೊಂದ್ರೆ ಇಲ್ಲ. ಬಾಚ್ಕೊಳ್ಳೋವಾಗ ಕನ್ನಡೀಲಿ ಇನ್ನೊಬ್ಬರು ನಿಂತ ಹಾಗಾಗುತ್ತೆ. ಬಾಡಿಗೆ ರೂಮಲ್ಲಿ ಒಂಟಿ ಇರೋಳಿಗೆ ಅದೂ ಒಂದು ಲಾಭವೇ. ಆದ್ರೆ ಒಂದು ವಿಷಯ ಇದೆ. ಒಬ್ಬರು ಅಜ್ಜಿ ದಿನಾ ಮಧ್ಯಾಹ್ನ ನನ್ನ ಬಸ್ಸಿಗೆ ಬರ್ತಾರೆ. ಕೊನೇ ಸ್ಟಾಪಿಗೆ ಟಿಕೆಟ್ ತಗೋತಾರೆ, ಇಳಿಯಲ್ಲ. ವಾಪಸ್ ಟಿಕೆಟ್ ತಗೋತಾರೆ. ಅಷ್ಟು ಹೊತ್ತೂ ನನ್ನ ಮುಖಾನೇ ನೋಡ್ತಾರೆ. ಹೆದರ್ಕೊಳ್ಳಲ್ಲ ಅಂದ್ರೆ ಇನ್ನೊಂದು ಮಾತು ಹೇಳ್ತೀನಿ. ನಾನು ತಿರುಗೋಕೆ ಮುಂಚೇನೇ ಈ ಕಣ್ಣು ಅವರ ಕಡೆ ತಿರುಗಿರುತ್ತೆ."

"ಹೇಗಿದಾರೆ ಆ ಅಜ್ಜಿ?"

"ಅಚ್ಚುಕಟ್ಟು. ಇಸ್ತ್ರಿ ಮಾಡಿದ ಬಟ್ಟೆ. ಇಳಿಯೋವಾಗ ನನ್ನ ಗಲ್ಲ ಮುಟ್ಟಿ 'ಹುಷಾರು' ಅಂತಾರೆ. ನನಗೆ ಯಾರೂ ಹಾಗೆ ಅನ್ನಲ್ಲ, ಅದಕ್ಕೇ ಸುಮ್ಮನಿದೀನಿ."

ಇತ್ತೀಚೆಗೆ ಅಮ್ಮ ಮಧ್ಯಾಹ್ನ ತಲೆ ಬಾಚಿಕೊಂಡು ಹೊರಗೆ ಹೋಗುತ್ತಿದ್ದಳು. "ಸುಮ್ನೆ ಗಾಳಿಗೆ" ಎನ್ನುತ್ತಿದ್ದಳು. ಬಂದ ಮೇಲೆ ಎರಡು ತುತ್ತು ಹೆಚ್ಚು ಉಣ್ಣುತ್ತಿದ್ದಳು. ಅವಳು ಚೇತರಿಸಿಕೊಳ್ಳುತ್ತಿದ್ದಾಳೆ ಎಂದು ನಾನು ಒಳಗೊಳಗೇ ಸಂತೋಷಪಟ್ಟಿದ್ದೆ.

ಮರುದಿನ ಅರ್ಧ ದಿನ ರಜೆ ಹಾಕಿ ಆ ಬಸ್ಸು ಹತ್ತಿದೆ. ಮುಂದಿನ ಸೀಟಿನಲ್ಲಿ ಅಮ್ಮ ಕೂತಿದ್ದಳು, ಚೀಲ ತೊಡೆಯ ಮೇಲೆ, ಕೈ ಚೀಲದ ಮೇಲೆ. ಕಂಡಕ್ಟರ್ ಹುಡುಗಿ ರಸ್ತೆಯ ಕಡೆ ಮುಖ ಮಾಡಿ ಟಿಕೆಟ್ ಹರಿಯುತ್ತಿದ್ದಳು. ಆದರೆ ಆ ಎಡಗಣ್ಣು ಅಮ್ಮನ ಮೇಲಿತ್ತು. ನಾನು ಮಾಡಿದ ಕಣ್ಣು ಎಷ್ಟು ತಿರುಗಬಲ್ಲದು ಎಂದು ನನಗೆ ಗೊತ್ತು ಚುಕ್ಕಿ. ಅದು ಅಷ್ಟು ತಿರುಗಲಾರದು. ಬಸ್ಸಿನ ಕುಲುಕಾಟಕ್ಕೆ ಹಾಗೆ ಕಂಡಿತೇ, ನಾನೇ ಹಾಗೆ ಕಾಣಬಯಸಿದೆನೇ, ಈಗಲೂ ಹೇಳಲಾರೆ. ಮರುಗಳಿಗೆ ಆ ಕಣ್ಣು ಅಮ್ಮನನ್ನು ಬಿಟ್ಟು ನನ್ನನ್ನು ನೋಡಿತು.

ಅಮ್ಮ ಹಿಂದಕ್ಕೆ ತಿರುಗಲಿಲ್ಲ. ಪಕ್ಕದ ಸೀಟಿನ ಮೇಲಿಂದ ಸೆರಗು ಎಳೆದುಕೊಂಡು, "ಬಾ, ಕೂತ್ಕೋ," ಎಂದಳು. "ಅವಳು ನಿನ್ನನ್ನ ನೋಡಿದ್ಳು, ಅದಕ್ಕೇ ಗೊತ್ತಾಯ್ತು ಬಂದಿದೀಯ ಅಂತ."

ಕೂತೆ.

"ಅದು ನಾನು ಮಾಡಿದ ಕಣ್ಣು ಅಮ್ಮ."

"ನಿನ್ನ ಕೈಕೆಲಸ ನನಗೆ ಗೊತ್ತಾಗಲ್ವೇನೆ?"

"ಮತ್ತೆ ಹೇಳಲಿಲ್ಲ?"

"ಹೇಳಿದ್ರೆ ಸರಿಮಾಡಿಬಿಡ್ತೀಯ ಅಂತ ಹೇಳಲಿಲ್ಲ."

ಚುಕ್ಕಿ, ಅಷ್ಟು ದಿನ ಬಾರದ್ದು ಆ ಬಸ್ಸಿನಲ್ಲಿ ಬಂತು. ಅಷ್ಟು ಜನರ ಮುಂದೆ, ಮೂಗು ಸೋರಿಸಿಕೊಂಡು, ನಿನ್ನ ಅಕ್ಕ ಅತ್ತಳು. ಅಮ್ಮನೂ. ಅಳುತ್ತಲೇ ನಿನ್ನ ಹೆಸರು ಹೇಳಿದೆವು, ನಿನ್ನ ಜಗಳಗಂಟಿತನ ನೆನೆದೆವು. ನೀನೂ ನಾನೂ ಶಾಲೆಯಲ್ಲಿ ಇಂಗ್ಲಿಷ್, ಜಗಳಕ್ಕೆ ಮಾತ್ರ ಕನ್ನಡ ಆಡುತ್ತಿದ್ದುದನ್ನು ನೆನೆದು ಅಮ್ಮ ನಕ್ಕಳು. ಹಿಂದಿನ ಸೀಟಿನವರು ಯಾರೋ ನೀರಿನ ಬಾಟಲಿ ಕೊಟ್ಟರು. ಕಂಡಕ್ಟರ್ ಹುಡುಗಿ ಬಂದು ನಮ್ಮ ಸೀಟಿನ ಕಂಬಿ ಹಿಡಿದು ನಿಂತಳು. ಟಿಕೆಟ್ ಕೇಳಲಿಲ್ಲ. ಅವಳ ಎರಡು ಕಣ್ಣುಗಳಲ್ಲಿ ನೀರು ತುಂಬಿದ್ದು ಒಂದರಲ್ಲಿ. ಇನ್ನೊಂದು ಶಾಂತವಾಗಿ ನಮ್ಮನ್ನು ನೋಡುತ್ತಿತ್ತು.

ಅಮ್ಮ ಅವಳ ಕೆನ್ನೆ ಒರೆಸಿದಳು. ಆಮೇಲೆ ನನ್ನ ಕಡೆ ತಿರುಗಿ ಹೇಳಿದಳು: "ಈ ಮಗೂಗೆ ಅವಳದೇ ಕಣ್ಣು ಕೊಟ್ಟುಬಿಡು. ಪಾಪ, ದಿನವೆಲ್ಲ ನಮ್ಮವಳನ್ನ ಹೊತ್ಕೊಂಡು ತಿರುಗ್ತಾಳೆ. ನಮ್ಮ ಭಾರ ಅವಳ್ಯಾಕೆ ಹೊರಬೇಕು?"

ಆ ಕೆಲಸ ಇವತ್ತು ಮುಗಿಯಿತು. ಅಮ್ಮ ಮೊದಲ ಸಲ ನನ್ನ ಕೆಲಸದ ಕೋಣೆಗೆ ಬಂದು, ಟ್ರೇ ಕಡೆಗೆ ಬೆನ್ನು ಹಾಕಿ ಕೂತಳು. ಅದು ಥೇಟ್ ನೀನೇ. ಹುಡುಗಿಯ ಬಲಗಣ್ಣನ್ನು ನೋಡುತ್ತ ಎಳೆ ಎಳೆಯಾಗಿ ಬರೆದೆ. ಅವಳದು ತಿಳಿ ಕಂದು, ಒಂದೆರಡು ಹಸಿರು ಗೆರೆ. ಹಾಕಿಕೊಂಡು ಕಣ್ಣು ಮಿಟುಕಿಸಿ, "ಹೇಗಿದೆ ಅಜ್ಜೀ?" ಎಂದು ತಿರುಗಿದಳು. ಅಮ್ಮ ತುಂಬ ಹೊತ್ತು ನೋಡಿ, "ನಿನ್ನದೇ, ಮಗಳೇ," ಎಂದಳು. ಕಿಟಕಿ ಮುಚ್ಚಿತ್ತು. ಆದರೂ ಕೋಣೆಯಲ್ಲಿ ಯಾರೋ ಎದ್ದು ಹೋದ ಹಾಗಾಯಿತು, ಎದ್ದ ಮೇಲೂ ಸ್ವಲ್ಪ ಹೊತ್ತು ಕುರ್ಚಿಯಲ್ಲಿ ಉಳಿಯುವ ಬಿಸುಪು ಇರುತ್ತದಲ್ಲ, ಹಾಗೆ. ನಾವು ಮೂವರೂ ಏಕಕಾಲಕ್ಕೆ ಬಾಗಿಲ ಕಡೆ ನೋಡಿದೆವು.

ಹುಡುಗಿ ಹೋದಳು. ಭಾನುವಾರ ಮನೆಗೆ ಊಟಕ್ಕೆ ಬರುತ್ತಾಳೆ, ಅಮ್ಮನ ಕಟ್ಟಪ್ಪಣೆ. ನಾನು ಕುಂಚಗಳನ್ನು ತೊಳೆಯುತ್ತಿದ್ದಾಗ ಅಮ್ಮ ನನ್ನನ್ನು ಆ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರಿಸಿದಳು. ಎದುರಿಗೆ ನನ್ನ ಸ್ಟೂಲು ಎಳೆದುಕೊಂಡು, ಮೊಣಕಾಲಿಗೆ ಮೊಣಕಾಲು ತಾಗಿಸಿ, ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು.

"ನಿಂದು ಬರೀ ಕಪ್ಪು ಅಂದ್ಕೊಂಡಿದ್ದೆ. ಅಂಚಲ್ಲಿ ಜೇನಿನ ಬಣ್ಣ ಇದೆಯಲ್ಲೇ. ಯಾವಾಗಿಂದ?"

"ಹುಟ್ಟಿದಾಗಿಂದ ಅಮ್ಮ."

"ಅಯ್ಯೋ," ಎಂದಳು. "ಕಣ್ಣು ಬಿಡು, ಮುಚ್ಚಬೇಡ. ನೋಡ್ತೀನಿ ಇರು."

ನೋಡುತ್ತಲೇ ಕೂತಳು. ಬೆಳಕು ಇಳಿಯುವ ತನಕ.

ಈಗ ಇದನ್ನು ಮುಗಿಸಬೇಕು. "ಹೋಗಿ ಬಾ" ಎಂದು ಬರೆದು ಹೊಡೆದುಹಾಕಿದೆ. "ಬಾ" ಎನ್ನಲು ಹೆದರಿಕೆ, ಬರೀ "ಹೋಗು" ಎನ್ನಲು ನಾಲಿಗೆ ಏಳುವುದಿಲ್ಲ. ಎಲ್ಲಿದ್ದೀಯೋ ಅಲ್ಲಿ ತಣ್ಣಗಿರು, ಕಂದ. ನಾವಿಬ್ಬರೂ ಇಲ್ಲಿ ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತೇವೆ.

ಇನ್ನೂ ನಿನ್ನ ಜೊತೆ ಜಗಳ ಬಾಕಿ ಇರುವ,
ನಿನ್ನ ಅಕ್ಕ