ಗುಡ್ಡದ ಕಲ್ಲು ತೊಳೆಸಿದ ಕುಲಸಚಿವರಿಗೆ

ಮಾನ್ಯ ಕುಲಸಚಿವರೇ,

ನಿಮ್ಮ ಕಚೇರಿಯ ಮುಂದೆ ಹೂವಿನ ಪಾತಿಗಳ ಸುತ್ತ ಸಾಲಾಗಿ ನೆಟ್ಟಿರುವ ಗುಂಡನೆಯ ಕೋಲಿನಂಥ ಕಲ್ಲಿನ ತುಂಡುಗಳು ನಮ್ಮ ಭೂವಿಜ್ಞಾನ ವಿಭಾಗದವು. ಅವು ಅಲಂಕಾರಕ್ಕೆ ತಂದವಲ್ಲ. ಹೊಸ ಹಾಸ್ಟೆಲ್ಲು ನಿಂತಿರುವ ಗುಡ್ಡವನ್ನು ಹಿಂದೊಮ್ಮೆ ಕೊರೆಸಿ, ಅದರ ಒಡಲು ಮೇಲಿನಿಂದ ಕೆಳಗಿನವರೆಗೆ ಹೇಗಿದೆಯೋ ಹಾಗೆಯೇ ತೆಗೆದಿಟ್ಟಿದ್ದ ಸಾಕ್ಷಿ. ಅದನ್ನು ನೀವು ತೊಳೆಸಿದಿರಿ. ತೊಳೆದ ಕಲ್ಲನ್ನು ನೋಡಿ ನಿಮ್ಮ ಸಮಿತಿ ಗುಡ್ಡ ಗಟ್ಟಿಯಿದೆ ಎಂದಿತು. ಈಗ ಅಲ್ಲಿ ಹೆಣ್ಣುಮಕ್ಕಳು ಮಲಗುತ್ತಿದ್ದಾರೆ. ನನ್ನ ತಂಗಿಯ ಮಗಳೂ ಅವರಲ್ಲೊಬ್ಬಳು.

ನಮ್ಮ ವಿಭಾಗದ ಪರಿಚಯ ನಿಮಗಿರಲಾರದು; ನೆಲಮಾಳಿಗೆಗೆ ಇಳಿಯುವ ಮೆಟ್ಟಿಲ ದೀಪ ಕೆಟ್ಟು ಬಹಳ ಕಾಲವಾಯಿತು. ಮೊದಲು ರಸಾಯನ ವಿಭಾಗದ ಹಿಂಬದಿಯ ಎರಡು ಕೋಣೆಗಳಲ್ಲಿದ್ದೆವು. ಆಮೇಲೆ ಸೈಕಲ್ ಷೆಡ್ಡು. ಕೊನೆಗೆ ನಿಮ್ಮ ಹಿಂದಿನವರೊಬ್ಬರು, "ಭೂಮಿ ವಿಷಯ ತಾನೇ ನೀವು ಓದೋದು? ನೆಲದ ಕೆಳಗೇ ಇದ್ಬಿಡಿ, ಹತ್ತಿರ ಆಗತ್ತೆ" ಎಂದು ನಗುತ್ತಾ ಕೆಳಗೆ ಕಳಿಸಿದರು. ನಾವೂ ನಕ್ಕೆವು. ನಗದೆ ಇನ್ನೇನು ಮಾಡಬೇಕಿತ್ತು?

ಆ ಷೆಡ್ಡಿನ ಕಾಲದಲ್ಲೇ ನನ್ನ ಮೇಷ್ಟ್ರು ಗುಡ್ಡ ಕೊರೆಸಿದ್ದು. ಎಲ್ಲರೂ ಅವರನ್ನು 'ಕೊರೆತದ ಮೇಷ್ಟ್ರು' ಎನ್ನುತ್ತಿದ್ದರು. ಗುಡ್ಡ ಕೊರೆದದ್ದಕ್ಕೋ, ಪಾಠ ಮಾಡಿದ್ದಕ್ಕೋ ಎಂದು ಅವರು ವಿಚಾರಿಸಲು ಹೋಗಲಿಲ್ಲ. ವಿದ್ಯಾರ್ಥಿಗಳ ಕೈಗೆ ಕಲ್ಲಿನ ಚೂರು ಕೊಟ್ಟು ಜಗಿಯಿರಿ ಎನ್ನುವುದು ಅವರ ಪದ್ಧತಿ. ಹಲ್ಲಿಗೆ ಕರಕರ ಎಂದರೆ ಸಣ್ಣ ಮರಳು, ನುಣ್ಣಗೆ ಜಾರಿದರೆ ಜೇಡಿ. ಗುಡ್ಡದ ಮರಳುಗಲ್ಲಿನ ನಡುವೆ ಸಿಕ್ಕ ಗೇಣು ದಪ್ಪದ ಬೂದು ಪದರದಿಂದ ಒಂದು ಚೂರನ್ನು ಬಾಯಿಗೆ ಹಾಕಿಕೊಂಡು ನಾನು ಮುಖ ಸಿಂಡರಿಸಿದೆ.

"ಏನನ್ನಿಸ್ತಮ್ಮ?"

"ಜಾರ್ತಿದೆ ಸಾರ್."

"ನಿನ್ನ ಒಂದು ಗುಟುಕು ಎಂಜಲಿಗೇ ಇಷ್ಟು ಜಾರತ್ತೆ. ಇನ್ನು ಮಳೆನೀರು ಇಳಿದ್ರೆ? ಇದರ ಮೇಲೆ ಯಾರೂ ಮನೆ ಕಟ್ಟಬಾರ್ದು."

ಆರೋಗ್ಯದ ಹಿತದೃಷ್ಟಿಯಿಂದ ವಿದ್ಯಾರ್ಥಿಗಳು ಕಲ್ಲು ಜಗಿಯತಕ್ಕದ್ದಲ್ಲ ಎಂದು ಮುಂದೆ ನಿಮ್ಮ ಕಚೇರಿ ಸುತ್ತೋಲೆ ಹೊರಡಿಸಿತು. ಮಕ್ಕಳ ಆರೋಗ್ಯದ ಬಗ್ಗೆ ಅಷ್ಟೊಂದು ಕಾಳಜಿಯಿದ್ದವರು, ಅವರ ಬಾಯಿಂದ ಬಿಡಿಸಿದ ಅದೇ ಜೇಡಿಯ ಮೇಲೆ ಅವರನ್ನು ಮಲಗಿಸಿದ್ದೀರಿ.

ಹಾಸ್ಟೆಲ್ಲು ಇನ್ನೂ ನಕ್ಷೆಯಲ್ಲಿದ್ದಾಗ, ರಜೆಯಲ್ಲಿ, ಆವರಣವನ್ನು ಚೆಂದಗಾಣಿಸಲು ನಮ್ಮ ಉಗ್ರಾಣ ಖಾಲಿ ಮಾಡಿಸಿದಿರಿ. ಪೆಟ್ಟಿಗೆಗಳಲ್ಲಿ ಕ್ರಮವಾಗಿ ಮಲಗಿದ್ದ ತುಂಡುಗಳನ್ನು ಅಂಗಳಕ್ಕೆ ಸುರಿದು, ಪೈಪು ಹಿಡಿದು ತೊಳೆದು, ಬಣ್ಣ ನೋಡಿ ಜೋಡಿಸಲಾಯಿತು. ಜೇಡಿ ಕರಗಿ ಚರಂಡಿಗೆ ಹೋಯಿತು. ಗಟ್ಟಿ ಕಲ್ಲು ಮಾತ್ರ ಉಳಿಯಿತು. ರಜೆ ಮುಗಿಸಿ ಬಂದ ನನಗೆ ತೋಟದ ಮೇಲ್ವಿಚಾರಕರು, "ಎಷ್ಟು ಕೊಳೆ ಹಿಡಿದಿತ್ತು ಗೊತ್ತಾ ಮೇಡಂ? ಈಗ ನೋಡಿ, ಫಳಫಳ ಅಂತಿದೆ" ಎಂದು ಹೆಮ್ಮೆಯಿಂದ ತೋರಿಸಿದರು. ಪಾಪ, ಅವರ ತಪ್ಪೇನಿಲ್ಲ. ನನಗೆ ಮಾತ್ರ ಅಳು ತಡೆಯಲಾಗಲಿಲ್ಲ.

ಮೇಷ್ಟ್ರ ವರದಿ ಹಿಡಿದು ನಿಮ್ಮ ಸಮಿತಿಯ ಮುಂದೆ ಬಂದೆ. ನೀವೇನು ಹೇಳಿದಿರಿ, ನೆನಪಿದೆಯೇ? "ಹಳೇ ವರದಿ ಬಿಡಿ ಮೇಡಂ, ಆ ಜೇಡಿ ಎಲ್ಲಿದೆ ತೋರಿಸಿ." ಆಮೇಲೆ ಕಿಟಕಿಯ ಕಡೆ ತಿರುಗಿ, "ಅಲ್ಲಿರೋದೆಲ್ಲ ಕಬ್ಬಿಣದಂಥ ಕಲ್ಲು" ಎಂದಿರಿ. ಸಮಿತಿಗೆ ಸಮಿತಿಯೇ ತಲೆದೂಗಿತು. ಸಾಕ್ಷಿಯನ್ನು ಚರಂಡಿಗೆ ಬಿಟ್ಟವರೇ ಸಾಕ್ಷಿ ಕೇಳಿದರೆ ಯಾರು ತಾನೇ ಏನು ತೋರಿಸಲು ಸಾಧ್ಯ? ಮತ್ತೊಮ್ಮೆ ಕೊರೆಸಿ ನೋಡಿ ಎಂದು ಅಂಗಲಾಚಿದೆ. 'ಅನಗತ್ಯ ವಿಳಂಬ' ಎಂದು ಬರೆಸಿ ಸಭೆ ಮುಗಿಸಿದಿರಿ.

ಈಗ ಮಳೆ ಹಿಡಿದಿದೆ. ಮೊನ್ನೆ ತಂಗಿಯ ಮಗಳು ಫೋನು ಮಾಡಿದಳು. "ರೂಮೇನೋ ಚೆನ್ನಾಗಿದೆ ದೊಡ್ಡಮ್ಮ. ಬಾಗಿಲೊಂದು ಹಾಕ್ಕೊಳಲ್ಲ, ಭುಜ ಕೊಟ್ಟು ನೂಕ್ಬೇಕು. ನಮ್ಮ ಸಾಲಿನ ಎಲ್ಲಾ ರೂಮೂ ಹಾಗೇ. ಬಡಗಿ ಬಂದು ಕೆರೆದು ಹೋಗ್ತಾರೆ, ಮತ್ತೆ ಹಾಗೇ ಆಗತ್ತೆ."

ಮಳೆಗೆ ಮರ ಉಬ್ಬಿದೆ ಎಂಬುದು ನಿಮ್ಮ ಎಂಜಿನಿಯರರ ವಿವರಣೆ. ಸ್ನಾನದ ಕೋಣೆಯ ಬಾಗಿಲು ತಗಡಿನದು, ಅದೂ ಹಾಕಿಕೊಳ್ಳುತ್ತಿಲ್ಲ. ತಗಡೂ ಉಬ್ಬುತ್ತದೆಯೇ ಸ್ವಾಮಿ? ಬಾಗಿಲು ಸರಿಯಾಗಿಯೇ ಇದೆ. ಚೌಕಟ್ಟು ಓರೆಯಾಗುತ್ತಿದೆ, ಏಕೆಂದರೆ ಅದರ ಕೆಳಗಿನ ನೆಲ ಜಾರುತ್ತಿದೆ. ನನಗೆ ಭಯವಾಗುತ್ತಿದೆ. ತಂಗಿಯ ಮಗಳಿಗೆ, ಈಗಲೇ ಗಂಟುಮೂಟೆ ಕಟ್ಟಿಕೊಂಡು ನಮ್ಮ ಮನೆಗೆ ಬಾ ಎಂದೆ. ಅವಳು, "ನಾನೊಬ್ಳೇ ಹೇಗೆ ಬರ್ಲಿ ದೊಡ್ಡಮ್ಮ? ಇವರೆಲ್ಲ ಇಲ್ಲೇ ಇದಾರಲ್ಲ" ಎಂದಳು. ಅದಕ್ಕೇ ಈ ಪತ್ರವನ್ನು ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ಹಾಸ್ಟೆಲ್ಲನ್ನು ಇವತ್ತೇ ಖಾಲಿ ಮಾಡಿಸಿ. ಮಕ್ಕಳು ಪರೀಕ್ಷಾ ಭವನದಲ್ಲಿ ಮಲಗಲಿ, ನಮ್ಮ ನೆಲಮಾಳಿಗೆಯಲ್ಲಿ ಮಲಗಲಿ. ಗುಡ್ಡವನ್ನು ಮತ್ತೆ ಕೊರೆಸಿ. ನನ್ನ ಮಾತು ಸುಳ್ಳಾದರೆ ಎಲ್ಲರೆದುರು ನಿಮ್ಮ ಕ್ಷಮೆ ಕೇಳುತ್ತೇನೆ, ಅದಕ್ಕಿಂತ ದೊಡ್ಡ ಸಂತೋಷ ನನಗಿಲ್ಲ. ಅಲ್ಲಿಯವರೆಗೆ ದಯವಿಟ್ಟು ಬಡಗಿಯನ್ನು ಮಾತ್ರ ಕಳಿಸಬೇಡಿ. ಬಾಗಿಲು ಸಲೀಸಾಗಿ ಹಾಕಿಕೊಂಡರೆ ಮಕ್ಕಳು ನಿಶ್ಚಿಂತೆಯಾಗಿ ಮಲಗಿಬಿಡುತ್ತಾರೆ.

ಇಂತಿ,
ಕಲ್ಲು ಕಾಯಲಾಗದ ಭೂವಿಜ್ಞಾನದ ಅಧ್ಯಾಪಕಿ,
ಸದ್ಯಕ್ಕೆ ಆ ಸಾಲಿನ ಹುಡುಗಿಯರೆಲ್ಲರಿಗೂ ದೊಡ್ಡಮ್ಮ